ಫೋನಿನಲ್ಲಿ ಕೇಳಿದರೆ ಗಲಾಟೆಯೇ!

ಸಂಪಾದಕರಿಗೆ ನಮಸ್ಕಾರ. ಕಳೆದ ಸಂಚಿಕೆಯಲ್ಲಿ ‘ಆಪರೇಷನ್ ಐವಿ’ ಎಂಬ ಅಮೆರಿಕದ ಬ್ಯಾಂಡಿನ ‘ಎನರ್ಜಿ’ ಆಲ್ಬಮ್ ಬಗ್ಗೆ ಕೇಳುಗರ ಅಭಿಪ್ರಾಯ ಅಂತ ಎರಡು ಪುಟ ಹಾಕಿದ್ದೀರಿ. ಒಬ್ಬರು ಅದ್ಭುತ ಅಂತಾರೆ, ಇನ್ನೊಬ್ಬರು ತಲೆನೋವು ಅಂತಾರೆ. ಓದಿದವರು ಯಾರನ್ನು ನಂಬಬೇಕು? ನಾನೂ ಮಗನ ಫೋನಿನಲ್ಲಿ ಹಾಕಿ ಕೇಳಿದೆ. 27 ಹಾಡೂ ಒಂದೇ ಥರ, ಬರೀ ಕಿರುಚಾಟ. ಇದಕ್ಕಿಂತ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ನಮ್ಮ ಪಲ್ಪರ್ ಯಂತ್ರ ತಾಳಕ್ಕೆ ಸರಿಯಾಗಿ ಓಡುತ್ತದೆ. ಆ ಜಾಗವನ್ನು ನಮ್ಮ ಜನಪದ ಕಲಾವಿದರಿಗೆ ಕೊಡಬಹುದಿತ್ತಲ್ಲ?
— ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ ಸರ್. ಪಲ್ಪರ್ ಮಾತು ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕರು. ಆದರೆ ನನ್ನ ಕಣ್ಣು ನಿಂತದ್ದು ‘ಮಗನ ಫೋನಿನಲ್ಲಿ’ ಅನ್ನೋ ಕಡೆ. ಇಯರ್‌ಫೋನ್ ಹಾಕಿಕೊಂಡಿದ್ದಿರಾ, ಇಲ್ಲಾ ಫೋನನ್ನು ಸುಮ್ನೆ ಮೇಜಿನ ಮೇಲಿಟ್ಟು ಕೇಳಿದಿರಾ? ಎರಡನೆಯದೇ ಇರಬೇಕು. ನಮಗೆ ಬಂದ ಅಭಿಪ್ರಾಯಗಳಲ್ಲಿ ಗಲಾಟೆ, ತಲೆನೋವು ಅಂದವರು ಹೆಚ್ಚುಕಡಿಮೆ ಎಲ್ಲರೂ ಹಾಗೆ ಕೇಳಿದವರೇ. ಕಾರಿನಲ್ಲೋ ಹೆಡ್‌ಫೋನಿನಲ್ಲೋ ಕೇಳಿದವರಲ್ಲೂ ಇಷ್ಟಪಡದವರು ಇದ್ದಾರೆ. ಆದರೆ ಅವರ ದೂರೇ ಬೇರೆ.

ಕಾರಣ ಸರಳ. ಈ ಆಲ್ಬಮ್ಮಿನ ಜೀವ ಇರೋದು ಬೇಸ್ ಗಿಟಾರಿನಲ್ಲಿ. ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ತಗ್ಗಿನ ಸದ್ದು ಹೊರಡಬೇಕಾದರೆ ಸ್ಪೀಕರ್ ಜಾಸ್ತಿ ಗಾಳಿ ತಳ್ಳಬೇಕು. ಉಗುರಿನಷ್ಟು ಅಗಲದ ಫೋನ್ ಸ್ಪೀಕರಿಗೆ ಅದು ಆಗದ ಕೆಲಸ. ಆಗ ಕಿವಿಗೆ ಉಳಿಯೋದು ಗಿಟಾರಿನ ಚರಚರ, ಸಿಂಬಲ್ಲಿನ ಝಣಝಣ, ಹಾಡುವವನ ಗಂಟಲು. ಅಷ್ಟನ್ನೇ ಕೇಳಿ ಯಾರಾದರೂ ಖುಷಿಪಟ್ಟರೆ ನನಗೆ ಆಶ್ಚರ್ಯ.

ಇಲ್ಲಿ ಬೇಸ್ ನುಡಿಸಿರುವುದು ಮ್ಯಾಟ್ ಫ್ರೀಮನ್. ಸಾಮಾನ್ಯವಾಗಿ ಬೇಸ್ ನುಡಿಸುವವರು ಹಿಂದೆ ನಿಂತು ಹಾಡಿಗೆ ಆಧಾರ ಕೊಡುತ್ತಾರೆ. ಈತ ಹಾಗಲ್ಲ, ಒಂದು ಕಡೆ ನಿಲ್ಲುವುದೇ ಇಲ್ಲ. ಮೇಲೆ ಹತ್ತುತ್ತಾನೆ, ಇಳಿಯುತ್ತಾನೆ. ಎಷ್ಟೋ ಹಾಡುಗಳಲ್ಲಿ ರಾಗ ಅಂತ ಏನಿದೆಯೋ ಅದು ಅವನ ಬೆರಳಲ್ಲೇ ಇದೆ. ಸಕಲೇಶಪುರದ ಓದುಗರೊಬ್ಬರು ಶಿರಾಡಿ ಘಾಟಿಯಲ್ಲಿ ಪಿಕಪ್ ಓಡಿಸುತ್ತಾ ಕೇಳಿದರಂತೆ. ‘ಹಾಡಿನ ಮಾತು ಒಂದೂ ತಿಳಿಯಲಿಲ್ಲ, ಸೀಟಿನ ಕೆಳಗಿಂದ ಬರೋ ಸದ್ದಿಗೆ ಮಾತ್ರ ಕಾಲು ಸುಮ್ಮನಿರಲಿಲ್ಲ’ ಅಂತ ಬರೆದಿದ್ದರು. ಆ ಎರಡು ಪುಟದಲ್ಲಿ ನನಗೆ ಬಹಳ ಹಿಡಿಸಿದ ಮಾತು ಅದು. (ಘಾಟಿಯಲ್ಲಿ ಕಾಲು ಬ್ರೇಕಿನ ಮೇಲಿರಲಿ ಅಂತ ಅವರಿಗೆ ಬೇರೆಯಾಗಿ ಬರೆದಿದ್ದೇನೆ.)

ಇನ್ನು ‘ಒಂದೇ ಥರ’ ಅನ್ನೋ ದೂರು. ಇದನ್ನು ನಾನು ಒಪ್ಪುವುದಿಲ್ಲ. ಈ ಬ್ಯಾಂಡು ಬೆರೆಸಿದ್ದು ಎರಡು ಥರದ ಸಂಗೀತ: ಸ್ಕಾ ಅನ್ನೋ ಕುಣಿತದ ಸಂಗೀತ, ಪಂಕ್ ಅನ್ನೋ ವೇಗದ ಒರಟು ರಾಕ್. ಕಾಲಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ನೆಲ ತಟ್ಟಿ ನೋಡಿ. ಒಂದು ತಟ್ಟಿಗೂ ಇನ್ನೊಂದಕ್ಕೂ ನಡುವೆ, ಪಾದ ಮೇಲೆದ್ದಾಗ, ಒಂದು ಚಪ್ಪಾಳೆ ಹಾಕಿ. ಸ್ಕಾ ಸಂಗೀತದಲ್ಲಿ ಗಿಟಾರ್ ಬೀಳೋದು ಆ ಚಪ್ಪಾಳೆಯ ಜಾಗದಲ್ಲಿ. ಚಕ್ ಅಂತ ಮೀಟುತ್ತಾರೆ, ತಕ್ಷಣ ಬೆರಳು ಸಡಿಲಿಸಿ ಸದ್ದು ಕತ್ತರಿಸುತ್ತಾರೆ. ಪಂಕ್‌ನಲ್ಲಿ ಈ ಆಟ ಇಲ್ಲ. ಅಲ್ಲಿ ಗಿಟಾರ್ ಬಿಡುವೇ ಕೊಡದೆ ನೇರವಾಗಿ ಓಡುತ್ತದೆ. ಆಲ್ಬಮ್ಮಿನ ಮೊದಲ ಹಾಡು ‘ನಾಲೆಡ್ಜ್’ ನೇರ ಪಂಕ್, ಎರಡು ನಿಮಿಷವೂ ಇಲ್ಲ. ಅದರ ಬೆನ್ನಿಗೇ ಬರುವ ‘ಸೌಂಡ್ ಸಿಸ್ಟಮ್’ನಲ್ಲಿ ಸ್ಕಾದ ಚಕ್ ಚಕ್ ಶುರುವಾಗುತ್ತದೆ. ಇವೆರಡನ್ನು ಮಾತ್ರ ಒಂದಾದ ಮೇಲೊಂದು ಕೇಳಿ. ಆಮೇಲೂ ಒಂದೇ ಥರ ಅನಿಸಿದರೆ ನನ್ನ ವಾದ ಬಿಟ್ಟುಬಿಡುತ್ತೇನೆ.

ಅರಕಲಗೂಡಿನಿಂದ ಬಂದ ಅಭಿಪ್ರಾಯವನ್ನು ಇನ್ನೊಮ್ಮೆ ಓದಿ ಅಂತ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಅವರು ಮೃದಂಗ ಕಲಿತವರು. ಸಂಗೀತಗಾರರ ಊರು ರುದ್ರಪಟ್ಟಣ ಇರೋದು ಅದೇ ತಾಲ್ಲೂಕಿನಲ್ಲಿ, ಅಲ್ಲಿಯವರಿಗೆ ತಾಳ ಹೇಳಿಕೊಡಬೇಕಾಗಿಲ್ಲ. ಇದು ಒಳ್ಳೆಯದು, ಕೆಟ್ಟದ್ದು ಅಂತ ಅವರು ಎಲ್ಲೂ ಹೇಳಲಿಲ್ಲ. ಗಿಟಾರ್ ಪೆಟ್ಟಿನ ಮೇಲೆ ಬೀಳದೆ ಅರ್ಧಕ್ಕೆ ಎತ್ತಿಕೊಳ್ಳುತ್ತದೆ, ಯಾವ ಹಾಡಿನ ಯಾವ ಸಾಲಿನಲ್ಲಿ ಅದು ಪೆಟ್ಟಿನ ಮೇಲೆ ಬಂದು ಕೂರುತ್ತದೆ ಅಂತ ಗುರುತು ಮಾಡಿ ಕಳಿಸಿದ್ದರು. ಬರೀ ‘ಸೂಪರ್’ ಅಂತ ಬರೆದ ಹತ್ತು ಪತ್ರಕ್ಕಿಂತ ಇಂಥದ್ದೊಂದು ನನಗೆ ಮೇಲು.

ಅಂದ ಹಾಗೆ ಈ ಅರ್ಧದ ಪೆಟ್ಟು ಅಮೆರಿಕದ್ದಲ್ಲ. ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಗೆ. 1962ರಲ್ಲಿ ಆ ದೇಶ ಸ್ವತಂತ್ರವಾದಾಗ ಬೀದಿಯಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಇಟ್ಟು ಜನ ಕುಣಿಯುತ್ತಿದ್ದದ್ದು ಇದಕ್ಕೇ. ಆ ಸ್ಪೀಕರ್ ತಂಡಗಳಿಗೆ ಅಲ್ಲಿ ಸೌಂಡ್ ಸಿಸ್ಟಮ್ ಅಂತಲೇ ಹೆಸರು. ಅಂದರೆ ಮೊದಲಿನಿಂದಲೂ ಇದು ದೊಡ್ಡ ಸ್ಪೀಕರಿನ ಸಂಗೀತ. ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋದವರ ಜೊತೆ ಅದೂ ಹೋಯಿತು. 1979ರಲ್ಲಿ ಕೊವೆಂಟ್ರಿಯಲ್ಲಿ ಟೂ ಟೋನ್ ಅನ್ನೋ ರೆಕಾರ್ಡ್ ಕಂಪನಿ ಶುರುವಾಯಿತು. ಅದರ ದಿ ಸ್ಪೆಷಲ್ಸ್ ತಂಡದಲ್ಲಿ ಕಪ್ಪು, ಬಿಳಿ ಎರಡೂ ಬಣ್ಣದ ಹುಡುಗರು ಒಟ್ಟಿಗೆ ನಿಂತು ಸ್ಕಾಗೆ ಪಂಕ್‌ನ ವೇಗ ಕೊಟ್ಟರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಪರೇಷನ್ ಐವಿ ಶುರುವಾದದ್ದು 1987ರಲ್ಲಿ. ಅವರು ವೇಗವನ್ನು ಇನ್ನೂ ಒಂದು ಕೈ ಏರಿಸಿದರು.

ಚಿಕ್ಕಮಗಳೂರಿನ ಓದುಗರೊಬ್ಬರದು ಬೇರೆ ತಕರಾರು. ಅವರ ಮಾವ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದವರು. ‘ಸ್ಕಾ ಅಂದರೆ ಊದುವ ವಾದ್ಯ ಬೇಕು ಅಂತೀರಿ, ಇಲ್ಲಿ ಎಲ್ಲಿದೆ?’ ಅಂತ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಕದ್ರಿ ಗೋಪಾಲನಾಥ್ ಅವರ ಕಚೇರಿ ಕೇಳಿ ಬೆಳೆದ ಸೀಮೆ ನಮ್ಮದು, ಸ್ಯಾಕ್ಸೊಫೋನ್ ಇಲ್ಲದಿದ್ದರೆ ಗೊತ್ತಾಗುತ್ತದೆ. ಜಮೈಕಾದ ಹಳೆಯ ಸ್ಕಾದಲ್ಲಿ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್ ಮುಂದೆ ನಿಲ್ಲುತ್ತಿದ್ದವು. 1990ರ ದಶಕದ ಅಮೆರಿಕದ ಸ್ಕಾ-ಪಂಕ್ ತಂಡಗಳಲ್ಲೂ ಹಾಗೇ. ಆಪರೇಷನ್ ಐವಿಯಲ್ಲಿ ಇದ್ದವರು ನಾಲ್ಕೇ ಜನ: ಹಾಡುವವನು, ಗಿಟಾರ್, ಬೇಸ್, ಡ್ರಮ್. ‘ಬ್ಯಾಡ್ ಟೌನ್’ ಹಾಡಿನಲ್ಲಿ ಮಾತ್ರ ಹೊರಗಿನವರೊಬ್ಬರು ಬಂದು ಸ್ಯಾಕ್ಸೊಫೋನ್ ಊದಿದ್ದಾರೆ. ಆ ಓದುಗರಿಗೆ ಅದು ಕೊರತೆ. ನನಗೆ ಅದೇ ಅನುಕೂಲ ಅನಿಸುತ್ತದೆ. ಊದುವವರು ಮೂರು ಜನ ಬಂದು ನಿಂತಿದ್ದರೆ ಫ್ರೀಮನ್‌ಗೆ ಅಷ್ಟು ಜಾಗ ಎಲ್ಲಿ ಸಿಗುತ್ತಿತ್ತು?

ಕಿರುಚಾಟದ ವಿಷಯದಲ್ಲಿ ಅರ್ಧ ನಿಮ್ಮ ಕಡೆ ಇದ್ದೇನೆ. ಹಾಡುವ ಜೆಸ್ಸಿ ಮೈಕಲ್ಸ್ ಗಂಟಲು ಒರಟು, ಪದಗಳನ್ನು ನುಂಗುತ್ತಾನೆ. ಆದರೆ ಇಂಪಾಗಿ ಹಾಡಬೇಕು ಅನ್ನೋದು ಅವನ ಉದ್ದೇಶವೇ ಅಲ್ಲ. ವೀರಗಾಸೆಯಲ್ಲಿ ಒಡಪು ಹೇಳುವವರು ಕತ್ತಿ ಎತ್ತಿ ‘ಆಹಾಹಾ ರುದ್ರಾ’ ಅಂತ ಅಬ್ಬರಿಸುವಾಗ ಕಂಠ ಮಧುರವಾಗಿಲ್ಲ ಅಂತ ನಾವು ಎದ್ದು ಹೋಗುತ್ತೇವಾ? ಸಂಬಾಳ ವಾದ್ಯದ ಸದ್ದಿನ ಮೇಲೆ ಮಾತು ಜನರಿಗೆ ಮುಟ್ಟಬೇಕು, ಅಷ್ಟೇ. ನಿಮ್ಮ ಮಾತು ಒಪ್ಪುವ ಅರ್ಧ ಇದು: 27 ಹಾಡು ಒಂದೇ ಸಲ ಕೇಳಿದರೆ ಯಾರಿಗಾದರೂ ಸುಸ್ತಾಗುತ್ತದೆ. 1989ರಲ್ಲಿ ಎಲ್‌ಪಿ ರೆಕಾರ್ಡಾಗಿ ಬಂದಾಗ ಇದ್ದದ್ದು 19 ಹಾಡು. ಆಮೇಲೆ ಸಿಡಿ ಮಾಡುವಾಗ ಅದಕ್ಕೂ ಮುಂಚಿನ ‘ಹೆಕ್ಟಿಕ್’ ಅನ್ನೋ ಚಿಕ್ಕ ರೆಕಾರ್ಡಿನ ಆರು, ಇನ್ನೊಂದು ಸಂಗ್ರಹದ ಎರಡು ಸೇರಿಸಿದರು. 19ಕ್ಕೇ ನಿಲ್ಲಿಸಿ. ಅದರಲ್ಲೂ ಕೊನೆಯ ನಾಲ್ಕೈದು ನನಗೆ ಮುಂಚಿನವುಗಳಷ್ಟು ಗಟ್ಟಿ ಅನಿಸುವುದಿಲ್ಲ.

‘ಯಾರನ್ನು ನಂಬಬೇಕು’ ಅಂದಿರಿ. ನಾನು ಕಡಿಮೆ ನಂಬೋದು ಹೊಗಳಿದವರಲ್ಲಿ ಕೆಲವರನ್ನು. ಹಾಸನದಿಂದ ಬಂದ ಉದ್ದದ ಪತ್ರವೊಂದು ಆ ಬ್ಯಾಂಡಿನ ಕಥೆಯನ್ನು ಪೂರ್ತಿ ಹೇಳುತ್ತದೆ. ಸಂಘದ ಥರ ಸ್ವಯಂಸೇವಕರೇ ನಡೆಸುವ 924 ಗಿಲ್ಮನ್ ಅನ್ನೋ ಕ್ಲಬ್ಬು, ಅಲ್ಲಿ ಕುಡಿತ, ಹೊಡೆದಾಟ, ಜನಾಂಗದ್ವೇಷ ಯಾವುದಕ್ಕೂ ಜಾಗವಿಲ್ಲ ಅನ್ನೋ ನಿಯಮ. 1989ರ ಮೇ ತಿಂಗಳಲ್ಲಿ ಆಲ್ಬಮ್ ಬರುವ ಹೊತ್ತಿಗೇ ತಂಡ ಮುರಿದುಬಿದ್ದದ್ದು. ಗಿಟಾರ್ ನುಡಿಸುತ್ತಿದ್ದ ಟಿಮ್ ಆರ್ಮ್‌ಸ್ಟ್ರಾಂಗ್, ಫ್ರೀಮನ್ ಇಬ್ಬರೂ ಆಮೇಲೆ ರಾನ್ಸಿಡ್ ಅನ್ನೋ ಬ್ಯಾಂಡ್ ಕಟ್ಟಿದ್ದು, ಗ್ರೀನ್ ಡೇ ಬ್ಯಾಂಡ್ ‘ನಾಲೆಡ್ಜ್’ ಹಾಡಿದ್ದು. ಎಲ್ಲ ನಿಜ. ಆದರೆ ಆಲ್ಬಮ್ಮಿನ ಒಂದು ಹಾಡು ಕೇಳಿ ಏನನಿಸಿತು ಅಂತ ಒಂದು ಸಾಲೂ ಇಲ್ಲ. ಎರಡೇ ವರ್ಷ ಬದುಕಿದ ಬ್ಯಾಂಡು ಅಂದ ತಕ್ಷಣ ಜನ ಕಥೆಗೇ ಕೈಮುಗಿದುಬಿಡುತ್ತಾರೆ, ಅಲ್ವಾ? ನೀವು ಕನಿಷ್ಠ ಪೂರ್ತಿ ಕೇಳಿ ಬೈದಿರಿ.

ಜನಪದ ಕಲಾವಿದರ ಮಾತಿಗೆ ಬಂದರೆ, ಆ ಎರಡು ಪುಟ ಅವರ ಪಾಲಿನಿಂದ ಕಿತ್ತದ್ದಲ್ಲ, ಅದು ತಿಂಗಳು ತಿಂಗಳು ಬರುವ ಕೇಳುಗರ ಪುಟ. ಆದರೂ ನಿಮ್ಮ ಸಲಹೆ ಬೇಡ ಅನ್ನೋದಿಲ್ಲ. ನಿಮ್ಮ ಕಡೆ ಸುಗ್ಗಿ ಕುಣಿತದ ಪದ ಪೂರ್ತಿ ಬಲ್ಲ ಹಿರಿಯರು ಇದ್ದರೆ ತಿಳಿಸಿ. ನಮ್ಮವರು ರೆಕಾರ್ಡರ್ ಹಿಡಿದು ಬರುತ್ತಾರೆ. ಕಾಫಿ ಕೊಯ್ಲು ಮುಗಿದ ಮೇಲಾದರೂ ಸರಿ.