ರೀಟಾ ಲೀ ರಾಕಾ, ಪಾಪಾ?

ಪ್ರಶ್ನೆ: ಬ್ರೆಜಿಲ್‌ನ ರೀಟಾ ಲೀ ಅವರನ್ನ ರಾಕ್ ರಾಣಿ ಅಂತಾರೆ, ಆದ್ರೆ ನಾನು ಕೇಳಿದ್ದೆಲ್ಲ ಡಾನ್ಸ್ ಪಾಪ್ ಥರಾನೇ ಇದೆ. ದುಡ್ಡಿಗೋಸ್ಕರ ರಾಕ್ ಬಿಟ್ರಾ?

ಉತ್ತರ: ದುಡ್ಡಿಗೆ ಅನ್ನೋದು ಹಳೇ ರಾಕ್ ಅಭಿಮಾನಿಗಳ ಗೊಣಗಾಟ, ನಾನಂತೂ ಒಪ್ಪಲ್ಲ. ಸಾವೊ ಪಾಲೊದವರು, ಹುಟ್ಟಿದ್ದು 1947ರ ಕೊನೇ ದಿನ. 1966ರಲ್ಲಿ ಅರ್ನಾಲ್ಡೊ, ಸೆರ್ಜಿಯೊ ಅಂತ ಇಬ್ರು ಅಣ್ಣ ತಮ್ಮಂದಿರ ಜೊತೆ ಸೇರಿ ಓಸ್ ಮುಟಾಂಟಿಸ್ ಬ್ಯಾಂಡ್ ಶುರು ಮಾಡಿದ್ರು. ಮುಂದಿನ ವರ್ಷ ಜುಲೈನಲ್ಲಿ ಆ ಊರಲ್ಲಿ ಎಲೆಕ್ಟ್ರಿಕ್ ಗಿಟಾರ್ ಬೇಡ ಅಂತ ಒಂದು ಮೆರವಣಿಗೇನೇ ನಡೀತು (ನಿಜವಾಗ್ಲೂ, ಗಿಟಾರ್ ವಿರುದ್ಧ!), ಅದ್ರಲ್ಲಿ ಆ ಕಾಲದ ದೊಡ್ಡ ಗಾಯಕಿ ಎಲಿಸ್ ರೆಜಿನಾ ಕೂಡ ಇದ್ರು. ಕೆಲವೇ ತಿಂಗಳಲ್ಲಿ ಟಿವಿ ಸಂಗೀತ ಸ್ಪರ್ಧೆಗೆ ಗಾಯಕ ಜಿಲ್ಬರ್ಟೊ ಜಿಲ್ ಜೊತೆ ಮುಟಾಂಟಿಸ್ ಅದೇ ಗಿಟಾರ್ ಹಿಡ್ಕೊಂಡು ಬಂದು ಎರಡನೇ ಬಹುಮಾನ ಹೊಡ್ಕೊಂಡ್ರು.

1972ರಲ್ಲಿ ಬ್ಯಾಂಡ್‌ನಿಂದ ಹೊರಗೆ. ರೀಟಾ ಪ್ರಕಾರ ಅವರನ್ನ ಓಡಿಸಿದ್ದು. ಆಮೇಲೆ ಟುಟ್ಟಿ ಫ್ರುಟ್ಟಿ ಅನ್ನೋ ತಂಡದ ಜೊತೆ 1975ರಲ್ಲಿ ‘ಫ್ರೂಟೊ ಪ್ರೊಯಿಬಿಡೊ’ ಆಲ್ಬಂ, ಇದು ಪಕ್ಕಾ ರಾಕ್, ರಾಣಿ ಪಟ್ಟ ಸಿಕ್ಕಿದ್ರೆ ಇದಕ್ಕೇ ಸಿಗ್ಬೇಕು. ಮರುವರ್ಷ ಮಿಲಿಟರಿ ಆಡಳಿತದಲ್ಲಿ ಗಾಂಜಾ ಕೇಸಲ್ಲಿ ಅರೆಸ್ಟ್, ಆಗ ಬಸುರಿ ಬೇರೆ. ಜೈಲಿಗೆ ಹುಡುಕ್ಕೊಂಡು ಬಂದವರು ಯಾರು ಗೊತ್ತಾ, ಅದೇ ಎಲಿಸ್, ಚಿಕ್ಕ ಮಗನ್ನ ಕರ್ಕೊಂಡು ಬಂದು, ಇವಳಿಗೆ ಡಾಕ್ಟರ್ ತೋರಿಸಿ ಅಂತ ಅಲ್ಲೇ ಜಗಳ ತೆಗೆದ್ರಂತೆ. 1980ರಲ್ಲಿ ರೀಟಾ ಬರೆದ ಹಾಡನ್ನ ಎಲಿಸ್ ಹಾಡಿ ಹಿಟ್ ಕೂಡ ಆಯ್ತು.

ಪಾಪ್ ಬಂದಿದ್ದು ಗಿಟಾರ್ ವಾದಕ ರೊಬೆರ್ಟೊ ಡಿ ಕರ್ವಾಲ್ಯೊ ಜೊತೆ. ಬಾಳ ಸಂಗಾತೀನೂ ಅವರೇ, ಹಾಡು ಕಟ್ಟೋ ಜೊತೆಗಾರನೂ ಅವರೇ. 1979ರ ‘ಮಾನಿಯಾ ಡಿ ವೊಸೆ’, 1980ರ ‘ಲಾನ್ಸಾ ಪರ್ಫ್ಯೂಮಿ’ ಎರಡೂ ದೇಶಾನೇ ಕುಣಿಸಿದ್ವು. ಸೆನ್ಸಾರ್ ಕಾಟ ಇನ್ನೂ ಇದ್ದ ಕಾಲದಲ್ಲಿ ಒಬ್ಬ ಹೆಂಗಸು ತನ್ನ ಆಸೇನ ನಗ್ತಾ ನಗ್ತಾ ರೇಡಿಯೋದಲ್ಲಿ ಹೇಳ್ಕೊಂಡಿದ್ದು ಯಾವ ರಾಕ್‌ಗಿಂತ ಕಮ್ಮಿ ಹೇಳಿ?

2012ರಲ್ಲಿ ಕೊನೇ ಶೋ ಅಂತ ಹೇಳಿ ಅರಕಾಜು ಅನ್ನೋ ಊರಿನ ಹತ್ರ ಹಾಡ್ತಿದ್ದಾಗ್ಲೂ ಸ್ಟೇಜ್ ಮೇಲಿಂದಾನೇ ಪೊಲೀಸರ ಜೊತೆ ಕಿತ್ತಾಡ್ಕೊಂಡು ಠಾಣೆಗೆ ಹೋಗಿ ಬಂದ್ರು. 2023ರ ಮೇನಲ್ಲಿ, 75ನೇ ವಯಸ್ಸಲ್ಲಿ ತೀರಿಕೊಂಡ್ರು.

ಪ್ರಶ್ನೆ: ಎಲ್ಲಿಂದ ಕೇಳೋಕೆ ಶುರು ಮಾಡ್ಲಿ?

ಉತ್ತರ: 1975ರ ಆಲ್ಬಂನ ‘ಓವೆಲ್ಯಾ ನೆಗ್ರಾ’ ಕೇಳಿ, ತಕ್ಷಣ ‘ಮಾನಿಯಾ ಡಿ ವೊಸೆ’ ಹಾಕಿ. ಮುಟಾಂಟಿಸ್ ಕೊನೆಗಿರ್ಲಿ, ಮೊದಲೇ ಕೇಳಿದ್ರೆ ತಲೆ ತಿರುಗುತ್ತೆ.