ಓದುಗರ ಪ್ರಶ್ನೆ: ಹಳೆಯ ಎಂಜಿ ಕಾರಿನ ಪೆಟ್ರೋಲ್ ಹಾದಿ

ಪ್ರಶ್ನೆ: ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಹಲವು ವರ್ಷ ಶೆಡ್ಡಿನಲ್ಲೇ ನಿಂತಿದ್ದ 1969ರ ಎಂಜಿಬಿ ಕಾರನ್ನು ಕೊಂಡಿದ್ದೇನೆ. ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ನಾಲ್ಕೈದು ಮೈಲಿ ಓಡಿದ ಮೇಲೆ ಮುಕ್ಕರಿಸಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್‌ಗಳನ್ನು (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗಗಳು) ತೆಗೆದು ವೆಬರ್ ಕಂಪನಿಯದನ್ನು ಹಾಕಿಸಿ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಬಹುದೇ?

ಉತ್ತರ: ಈಗ ಬೇಡ. ಸುಲಭವಾಗಿ ಸ್ಟಾರ್ಟ್ ಆಗಿ ಕೆಲವು ಮೈಲಿ ಓಡುವ ಎಂಜಿನ್ನಿನ ಕಾರ್ಬುರೇಟರ್ ಬಹುಮಟ್ಟಿಗೆ ನಿರಪರಾಧಿ. ನಿಂತು ಸುಧಾರಿಸಿಕೊಂಡು ಮತ್ತೆ ಓಡುತ್ತದೆ ಎಂದರೆ ಟ್ಯಾಂಕಿನ ಕಡೆಯಿಂದಲೇ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಎಂದು ಅನುಮಾನಿಸಬೇಕು. ಆದ್ದರಿಂದ ಪರೀಕ್ಷೆ ಟ್ಯಾಂಕಿನಿಂದ ಆರಂಭವಾಗಲಿ.

ಮುಂದಿನ ಸಲ ಕಾರು ನಿಂತಾಗ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿ, ಎಂಜಿನ್ ಕೂಡಲೇ ಚೇತರಿಸಿಕೊಂಡರೆ, ಗಾಳಿಯಾಡಬೇಕಾದ ಮುಚ್ಚಳದ ರಂಧ್ರ ಕಟ್ಟಿದೆ ಅಥವಾ ಹಿಂದಿನ ಮಾಲೀಕರು ರಂಧ್ರವಿಲ್ಲದ ಮುಚ್ಚಳ ಹಾಕಿದ್ದಾರೆ ಎಂದರ್ಥ. ಹಾಗಾಗದಿದ್ದರೆ ಟ್ಯಾಂಕನ್ನು ಇಳಿಸಿಯೇ ನೋಡಬೇಕು. ಎಂಜಿಬಿಯ ಟ್ಯಾಂಕ್ ಡಿಕ್ಕಿಯ ತಳಕ್ಕೆ ಅಂಟಿಕೊಂಡಂತೆ ತೂಗುವುದರಿಂದ ನಡುವಿನ ಸಂದಿಯಲ್ಲಿ ಒದ್ದೆ ಮಣ್ಣು ಕೂತು, ಅದರ ಮೇಲ್ಮೈ ಹೊರಗಿನಿಂದಲೇ ತುಕ್ಕು ಹಿಡಿಯುತ್ತದೆ. ಕಾರಿನಡಿ ಮಲಗಿ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಒಳಗಿನ ತುಕ್ಕಿನ ಪುಡಿಯಾದರೋ ಪೆಟ್ರೋಲ್ ಹೀರುವ ಕೊಳವೆಯ ಜಾಳಿಗೆಯನ್ನು ನಿಧಾನವಾಗಿ ಮುಚ್ಚಿ, ಕಾರು ನಿಂತೊಡನೆ ಕೆಳಗಿಳಿದು ದಾರಿ ಬಿಡುತ್ತದೆ. ನಿಮ್ಮ ಕಾರಿನ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಟ್ಯಾಂಕಿನೊಳಗೆ ಸುರಿಯುವ ಲೇಪನಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಹಳೆಯ ಬಗೆಯ ಲೇಪನ ಈಗಿನ ಪೆಟ್ರೋಲ್‌ನಲ್ಲಿ ಬೆರೆತಿರುವ ಎಥೆನಾಲ್‌ಗೆ ಸಿಪ್ಪೆ ಬಿಟ್ಟು ಅದೇ ಜಾಳಿಗೆಯನ್ನು ಕಟ್ಟುತ್ತದೆ. ಈ ಕಾರಿಗೆ ಹೊಸ ಟ್ಯಾಂಕ್ ಈಗಲೂ ಸಿಗುತ್ತದೆ.

ಅನಂತರ ಬಲ ಹಿಂಚಕ್ರದ ಮುಂದಿರುವ ಎಸ್‌ಯು ವಿದ್ಯುತ್ ಪಂಪು. ಬಯಲಿನಲ್ಲಿ, ತಣ್ಣಗಿರುವ ಎಂಜಿನ್ನಿನಲ್ಲಿ, ಬೆಂಕಿ ಆರಿಸುವ ಸಾಧನ ಪಕ್ಕದಲ್ಲಿಟ್ಟುಕೊಂಡು, ಕಾರ್ಬುರೇಟರ್‌ಗೆ ಹೋಗುವ ಪೈಪನ್ನು ಬಿಡಿಸಿ ಡಬ್ಬಿಯೊಳಗೆ ಇಳಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್ ಬರಬೇಕು. ಪೈಪು ಜೋಡಿಸಿದ ಮೇಲೆ ಪಂಪಿನ ಟಿಕ್ ಟಿಕ್ ಸದ್ದು ಫ್ಲೋಟ್ ಬಟ್ಟಲು (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಸಂಗ್ರಹವಾಗುವ ಬಟ್ಟಲು) ತುಂಬುತ್ತಲೇ ನಿಲ್ಲಬೇಕು. ನಿಲ್ಲದಿದ್ದರೆ ಟ್ಯಾಂಕಿನ ಕಡೆಯ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಟ್ಟಲು ತುಂಬಿದಾಗ ಪೆಟ್ರೋಲನ್ನು ತಡೆಯುವ ಫ್ಲೋಟಿನ ಸೂಜಿ ಸರಿಯಾಗಿ ಕೂರುತ್ತಿಲ್ಲ. ಸದ್ದೇ ಇಲ್ಲದ ಪಂಪಿಗೆ ಒಂದೇಟು ಕೊಟ್ಟರೆ ಎದ್ದೇಳುತ್ತದೆ ಎಂಬುದು ಎಂಜಿ ಮಾಲೀಕರೆಲ್ಲ ಬಲ್ಲ ಉಪಾಯ. ಅದು ಮನೆ ಸೇರಲು ಸಾಕು, ಪಂಪಿನ ಸವೆದ ಪಾಯಿಂಟುಗಳನ್ನು (ವಿದ್ಯುತ್ ಸಂಪರ್ಕ ಬಿಂದುಗಳನ್ನು) ಬದಲಿಸಲೇಬೇಕು.

ರಬ್ಬರ್ ಪೈಪುಗಳನ್ನು ನೋಡುವ ಅಗತ್ಯವಿಲ್ಲ, ಎಲ್ಲವನ್ನೂ ಬದಲಿಸಿ. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ 2021ರ ಸೆಪ್ಟೆಂಬರ್‌ನಿಂದ ಇ10 (ಶೇ 10ರವರೆಗೆ ಎಥೆನಾಲ್ ಬೆರೆತದ್ದು) ಆಗಿದ್ದು, ಹಳೆಯ ರಬ್ಬರ್ ಅದರಲ್ಲಿ ಉಬ್ಬಿ ಬಿರಿಯುತ್ತದೆ. ಎಥೆನಾಲ್ ತಡೆಯುವ, ಆರ್9 ಎಂದು ಗುರುತಿರುವ ಪೈಪನ್ನೇ ಕೇಳಿ ತನ್ನಿ, ಎಥೆನಾಲ್ ಶೇ 5 ಮೀರದ ಇ5 ಸೂಪರ್ ಪೆಟ್ರೋಲ್ ತುಂಬಿಸಿ. ಇಷ್ಟೆಲ್ಲ ಆದ ಮೇಲೂ ತೊಂದರೆ ಉಳಿದರೆ ಕಾರ್ಬುರೇಟರ್ ಬಿಚ್ಚೋಣ. ತುಕ್ಕಿನ ಟ್ಯಾಂಕಿಗೆ ಹೊಸ ವೆಬರ್ ಜೋಡಿಸಿದರೆ ಅದೂ ನಾಲ್ಕೈದು ಮೈಲಿಗೇ ನಿಲ್ಲುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿರುವ ನಮ್ಮ 1948ರ ಎಂಜಿ ಟಿಸಿ ಕಾರಿನ ಕಾರ್ಬುರೇಟರ್‌ಗಳ ಅಡಿಯಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಇದಕ್ಕೆ ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಕಾರಣವೇ? ಎಂಜಿನ್ನೂ ಮೊದಲಿನಂತೆ ಎಳೆಯುವುದಿಲ್ಲ.

ಉತ್ತರ: ಸೋರಿಕೆಗೆ ಕಾರಣ ಹೆಚ್ಚಾಗಿ ಜೆಟ್ಟಿನ (ಕಾರ್ಬುರೇಟರ್‌ನೊಳಗೆ ಪೆಟ್ರೋಲ್ ಬಿಡುವ ಸಣ್ಣ ಕೊಳವೆ) ಸುತ್ತ ಸೋರದಂತೆ ತಡೆಯುವ ಕಾರ್ಕ್ ಬಿರಡೆಗಳು. ಕಾರು ನಿಂತಾಗ ಒಣಗಿ ಕುಗ್ಗುವುದು ಅವುಗಳ ಹುಟ್ಟುಗುಣ. ಇ20 ಒಂದರ ಮೇಲೆಯೇ ತಪ್ಪು ಹೊರಿಸುವುದು ಸರಿಯಲ್ಲ. ಎಥೆನಾಲ್ ತಡೆಯುವ ವೈಟಾನ್ ಎಂಬ ಕೃತಕ ರಬ್ಬರಿನ ಬಿರಡೆಗಳು ದೊರೆಯುತ್ತವೆ, ಅವನ್ನೇ ಹಾಕಿಸಿ. ಸೋರಿಕೆ ನಿಲ್ಲುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಏಕೆಂದರೆ ಬಿಸಿ ಎಗ್ಸಾಸ್ಟ್ ಪಕ್ಕದಲ್ಲೇ ಇದೆ.

ಎಳೆತ ಕಡಿಮೆಯಾಗಲು ಮಾತ್ರ ಇ20 ನಿಜವಾಗಿಯೂ ಕಾರಣವಾಗಿರಬಹುದು. ಒಂದು ಭಾಗ ಶುದ್ಧ ಪೆಟ್ರೋಲ್ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಸಾಕು, ಹಳೆಯ ಹೊಂದಾಣಿಕೆಯಲ್ಲೇ ಬಿಟ್ಟರೆ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಎಂಜಿನ್ ಬಿಸಿಯಾದ ಮೇಲೆ, ಪೆಟ್ರೋಲ್ ಹೆಚ್ಚಿಸಲು ಜೆಟ್ಟಿನ ನಟ್ಟನ್ನು ಎರಡೂ ಕಾರ್ಬುರೇಟರ್‌ಗಳಲ್ಲಿ ಸಮನಾಗಿ, ಒಂದು ಸಲಕ್ಕೆ ಒಂದೇ ಮುಖದಷ್ಟು (ಆರನೇ ಒಂದು ಸುತ್ತು) ಕೆಳಗಿಳಿಸಿ, ಕಾರ್ಬುರೇಟರ್‌ನೊಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ಎಂಜಿನ್ ಕ್ಷಣಕಾಲ ವೇಗ ಪಡೆದು ಮತ್ತೆ ಇಳಿದರೆ ಸರಿ; ಕುಸಿದರೆ ಇನ್ನೊಂದು ಮುಖ ಇಳಿಸಿ; ವೇಗ ಏರಿ ಹಾಗೆಯೇ ಉಳಿದರೆ ಒಂದು ಮುಖ ಮೇಲೇರಿಸಿ.