ಸಾಮ್ಯ-ವ್ಯತ್ಯಾಸದ ಪಟ್ಟಿ ಬಿಡಿ, ಪುಸ್ತಕ ತೆಗೆಯಿರಿ

ಪ್ರತಿ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸಾಹಿತ್ಯದ ವಿದ್ಯಾರ್ಥಿಗಳಿಂದ ಇವೇ ಪ್ರಶ್ನೆಗಳು ಬರುತ್ತವೆ. ಉತ್ತರ ಕೊಟ್ಟಷ್ಟೂ ಮತ್ತೆ ಬರುತ್ತವೆ. ಈ ಸಲ ಒಂದು ಪ್ರಶ್ನೆಗೆ ಮಾತ್ರ ಪೂರ್ತಿ ಉತ್ತರ ಬರೆಯುತ್ತೇನೆ. ದಾರಿ ತಪ್ಪುತ್ತಿರುವವರು ಅಲ್ಲೇ ಜಾಸ್ತಿ.

ಮೇಡಂ, ದಾವಣಗೆರೆಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ತೌಲನಿಕ ಸಾಹಿತ್ಯದ ಪ್ರಬಂಧಕ್ಕೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತು ನೈಜೀರಿಯಾದ ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ತೆಗೆದುಕೊಂಡಿದ್ದೇನೆ. ಹನ್ನೆರಡು ಸಾಮ್ಯ, ಒಂಬತ್ತು ವ್ಯತ್ಯಾಸ ಸಿಕ್ಕಿವೆ. ಇನ್ನೂ ಎಷ್ಟು ಬೇಕು? ಕುವೆಂಪು ಮೇಲೆ ಅಚಿಬೆಯ ಪ್ರಭಾವ ಆಗಿದೆ ಎಂದು ಬರೆಯಬಹುದಾ? (ಹರಿಹರದ ವಿದ್ಯಾರ್ಥಿನಿ)

ಇನ್ನೊಂದೂ ಬೇಡ. ಇರುವ ಇಪ್ಪತ್ತೊಂದನ್ನೂ ಪಕ್ಕಕ್ಕಿಡಿ.

ಈ ಪಟ್ಟಿ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ನೋಟ್ಸ್‌ನಲ್ಲಿ ಎಡಕ್ಕೊಂದು ಕಾಲಂ, ಬಲಕ್ಕೊಂದು ಕಾಲಂ. ‘ಎರಡೂ ಕೃತಿಗಳು ಗ್ರಾಮೀಣ ಬದುಕನ್ನು ಚಿತ್ರಿಸುತ್ತವೆ.’ ‘ಎರಡರಲ್ಲೂ ಮೂಢನಂಬಿಕೆ ಇದೆ.’ ಹಳ್ಳಿಯ ಮೇಲೆ ಬರೆದ ಯಾವ ಎರಡು ಕಾದಂಬರಿಗೆ ಈ ಸಾಲು ಹಚ್ಚಿದರೂ ನಡೆಯುತ್ತದೆ. ಪುಸ್ತಕ ತೆರೆಯದೆಯೇ ಬರೆಯಬಹುದಾದ ಸಾಲು ಪ್ರಬಂಧದಲ್ಲಿ ಯಾಕೆ ಬೇಕು? ಇಂಥ ನೋಟ್ಸ್ ಮಾರುವವರು ನಿಮ್ಮ ದುಡ್ಡಿನ ಜೊತೆ ನಿಮ್ಮ ಓದನ್ನೂ ಕಸಿದುಕೊಳ್ಳುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಅದಕ್ಕೆ.

‘ಮೂಢನಂಬಿಕೆ’ ಎನ್ನುವ ಮಾತನ್ನಂತೂ ದಯವಿಟ್ಟು ಕೈಬಿಡಿ. ಅಚಿಬೆ ಬರೆದ ನೈಜೀರಿಯಾದ ಇಗ್ಬೊ ಜನರ ದೈವವಾಣಿಯನ್ನು ಹೊರಗಿನಿಂದ ಬಂದ ಬಿಳಿಯ ಅಧಿಕಾರಿ ಹಾಗೆ ನೋಡುತ್ತಾನೆ. ಅಚಿಬೆ ಕಾದಂಬರಿ ಬರೆದದ್ದೇ ಆ ನೋಟವನ್ನು ಪ್ರಶ್ನಿಸಲು. ನೀವು ಆ ಮಾತು ಬಳಸಿದರೆ ಅಧಿಕಾರಿಯ ಪಕ್ಕ ನಿಂತ ಹಾಗೆ ಆಗುತ್ತದೆ.

ಇನ್ನು ಪ್ರಭಾವ. ಅಚಿಬೆಯ ಕಾದಂಬರಿ ಬಂದದ್ದು 1958ರಲ್ಲಿ, ಕುವೆಂಪು ಅವರದು 1967ರಲ್ಲಿ. ಒಂದು ಮೊದಲು ಬಂತು ಅಂದ ಮಾತ್ರಕ್ಕೆ ಪ್ರಭಾವ ಆಗಿದೆ ಅನ್ನಲಾಗದು. ಲೇಖಕರು ಅದನ್ನು ಓದಿದ್ದರು ಎನ್ನಲು ಪತ್ರ, ಭಾಷಣ, ಮುನ್ನುಡಿ, ಏನಾದರೂ ಆಧಾರ ಬೇಕು. ಆಧಾರ ಇದ್ದಾಗ ಆ ಚರ್ಚೆ ತುಂಬಾ ಚೆನ್ನಾಗಿರುತ್ತದೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಗ್ರೀಕ್ ನಾಟಕಕಾರ ಸಾಫೊಕ್ಲಿಸ್‌ನ ‘ಏಜಾಕ್ಸ್’ ಮೂಲ. ನಾವು ಚಿರಂಜೀವಿ ಎಂದು ಹೇಳಿಕೊಂಡು ಬಂದ ಅಶ್ವತ್ಥಾಮ ಆ ನಾಟಕದಲ್ಲಿ ಸಾಯುತ್ತಾನೆ. ಗ್ರೀಕ್ ದುರಂತ ನಾಟಕದ ರೂಪ ಕೈಗೆತ್ತಿಕೊಂಡರೆ ನಮ್ಮ ಪುರಾಣದ ಕತೆ ಎಲ್ಲಿ ಬಾಗಬೇಕಾಗುತ್ತದೆ ಎನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ನಿಮ್ಮ ವಿಷಯ ಅದಲ್ಲ. ನಿಮ್ಮ ಇಬ್ಬರು ಲೇಖಕರು ಒಬ್ಬರನ್ನೊಬ್ಬರು ಓದಿರಲೇಬೇಕಿಲ್ಲ. ಒಂದೇ ಕಾಲದಲ್ಲಿ, 19ನೇ ಶತಮಾನದ ಕೊನೆಯಲ್ಲಿ, ಎರಡು ನಾಡಿಗೆ ಹೊರಗಿನದೊಂದು ಬಂದು ಹೊಕ್ಕಿತು. ಇಬ್ಬರೂ ಅದನ್ನು ಬರೆದರು. ನಿಮ್ಮ ಕೆಲಸ ಇಲ್ಲಿದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಸೈಕಲ್‌ನಿಂದ ಶುರು ಮಾಡಿ. ಎರಡೂ ಕಾದಂಬರಿಗಳಲ್ಲಿ ಸೈಕಲ್ ಬರುತ್ತದೆ.

ಅಚಿಬೆಯಲ್ಲಿ ಅದು ಅಬಾಮೆ ಎಂಬ ಊರಿಗೆ ಬರುತ್ತದೆ. ಬಿಳಿಯನೊಬ್ಬ ‘ಕಬ್ಬಿಣದ ಕುದುರೆ’ ಏರಿ ಬರುತ್ತಾನೆ. ಇವನಿಂದ ಕುಲಕ್ಕೆ ಕೇಡು ಎಂದು ದೈವ ನುಡಿಯುತ್ತದೆ. ಊರವರು ಅವನನ್ನು ಕೊಂದು, ಆ ಕುದುರೆ ಓಡಿಹೋಗಿ ಅವನ ಕಡೆಯವರನ್ನು ಕರೆತಂದೀತು ಎಂದು ಅದನ್ನು ದೇವರ ಮರಕ್ಕೆ ಕಟ್ಟುತ್ತಾರೆ. ಆಮೇಲೆ ದೊಡ್ಡ ಸಂತೆಯ ದಿನ ಬಂದೂಕುಗಳು ಬಂದು ಸಂತೆಯನ್ನು ಸುತ್ತುವರಿಯುತ್ತವೆ. ಇಷ್ಟನ್ನೂ ನಾವು ನೇರವಾಗಿ ನೋಡುವುದಿಲ್ಲ. ಗಡೀಪಾರಾಗಿ ತಾಯಿಯ ತವರೂರಿನಲ್ಲಿರುವ ಕಥಾನಾಯಕ ಒಕೊಂಕ್ವೊನಿಗೆ ಅವನ ಗೆಳೆಯ ಬಂದು ಹೇಳುತ್ತಾನೆ. ಓದುಗರಿಗೂ ಅದು ದೂರದ ಊರಿನ ಸುದ್ದಿಯಾಗಿಯೇ ತಲುಪುತ್ತದೆ.

ಕುವೆಂಪು ಅವರಲ್ಲಿ ಸೈಕಲ್ ನಮ್ಮ ಕಣ್ಣೆದುರೇ ಇರುತ್ತದೆ. ಮಲೆನಾಡಿನ ಜನಕ್ಕೆ ಅದು ಬೆರಗು, ನಗು. ಅದರ ಜೊತೆ ಇರುವವರು ಬೆಟ್ಟಳ್ಳಿಯ ದೇವಯ್ಯಗೌಡರು, ಪಾದ್ರಿ ಜೀವರತ್ನಯ್ಯ. ಇಬ್ಬರದೂ ಊರವರಿಗೆ ಅರ್ಥವಾಗುವ ಮಾತು. ಕೊಲ್ಲುವ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಅದೇ ಸೈಕಲ್ ಹಿಂದೆ ಮತಾಂತರದ ಮಾತು ಮನೆಯೊಳಗೆ ಬರುತ್ತದೆ, ಕುಟುಂಬ ಅಲುಗಾಡುತ್ತದೆ.

ಈಗ ಕೇಳಿಕೊಳ್ಳಿ. ಅಲ್ಲಿ ಸವಾರನಿಗೆ ಹೆಸರೇ ಇಲ್ಲ, ಇಲ್ಲಿ ಊರ ಗೌಡರೇ ಜೊತೆಗಿದ್ದಾರೆ. ಅಲ್ಲಿ ಭಯ ಹೊರಗಿನಿಂದ, ಇಲ್ಲಿ ಬಿರುಕು ಒಳಗಿನಿಂದ. ಇದು ಎರಡು ನಾಡುಗಳ ಚರಿತ್ರೆಯ ವ್ಯತ್ಯಾಸವಾ, ಇಬ್ಬರು ಲೇಖಕರ ಮನಸ್ಸಿನ ವ್ಯತ್ಯಾಸವಾ, ಕಾದಂಬರಿ ಕಟ್ಟಿದ ರೀತಿಯ ವ್ಯತ್ಯಾಸವಾ? ಉತ್ತರ ನಾನು ಹೇಳುವುದಿಲ್ಲ. ಆದರೆ ರೂಪವನ್ನು ಮರೆಯಬೇಡಿ. ಅಚಿಬೆಯದು ಒಬ್ಬ ಮನುಷ್ಯನ ಬೆನ್ನು ಹತ್ತಿದ ಸಣ್ಣ ಕಾದಂಬರಿ. ಕೊನೆಯಲ್ಲಿ ಜಿಲ್ಲಾಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಒಕೊಂಕ್ವೊನಿಗೆ ಒಂದು ಪ್ಯಾರಾ ಸಾಕು ಎಂದುಕೊಳ್ಳುತ್ತಾನೆ. ಇಪ್ಪತ್ತೈದು ಅಧ್ಯಾಯ ನಾವು ಜೊತೆಗಿದ್ದ ಮನುಷ್ಯ ಸರ್ಕಾರಿ ಬರಹದಲ್ಲಿ ಒಂದು ಪ್ಯಾರಾ! ಕುವೆಂಪು ತಮ್ಮ ದೊಡ್ಡ ಕಾದಂಬರಿಯ ಬಾಗಿಲಲ್ಲೇ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಬರೆದಿದ್ದಾರೆ. ಆ ಪ್ಯಾರಾವನ್ನೂ ಈ ಸಾಲನ್ನೂ ಎದುರುಬದುರು ಇಟ್ಟು ನೋಡಿ. ಹತ್ತು ಪುಟದ ಪ್ರಬಂಧಕ್ಕೆ ಬೇಕಾದ್ದು ಅಲ್ಲೇ ಇದೆ.

ಒಂದು ಎಚ್ಚರಿಕೆ. ಮೂರನೇ ಪುಸ್ತಕ ಸೇರಿಸಲು ಹೋಗಬೇಡಿ. ಎರಡನ್ನೇ ಎರಡೆರಡು ಸಲ ಓದಿ.

ಅನುವಾದದಲ್ಲಿ ಓದಿದರೆ ಓದಿದ ಹಾಗಾಗುತ್ತದಾ? (ಚಳ್ಳಕೆರೆ)

ಆಗುತ್ತದೆ. ಆಗಲ್ಲ ಎನ್ನುವವರನ್ನು ರಷ್ಯನ್ ಲೇಖಕ ಟಾಲ್‌ಸ್ಟಾಯ್‌ನನ್ನು ಯಾವ ಭಾಷೆಯಲ್ಲಿ ಓದಿದಿರಿ ಎಂದು ಕೇಳಿ.

ಯೂಟ್ಯೂಬ್‌ನ ಹತ್ತು ನಿಮಿಷದ ಸಾರಾಂಶ ಸಾಕಾ? (ಜಗಳೂರು)

ಸಾಕಾಗಲ್ಲ.

ಎನ್‌ಇಟಿಗೆ (ಅಧ್ಯಾಪಕರ ಅರ್ಹತಾ ಪರೀಕ್ಷೆಗೆ) ಯಾವ ಗೈಡ್ ಒಳ್ಳೆಯದು? (ಹೊನ್ನಾಳಿ)

ಹಳೆಯ ಪ್ರಶ್ನೆಪತ್ರಿಕೆ ಮತ್ತು ಮೂಲ ಕೃತಿಗಳು. ಗೈಡ್ ಹೆಸರು ನನ್ನ ಬಾಯಿಂದ ಬರುವುದಿಲ್ಲ.

ಗ್ರೀಕ್ ನಾಟಕದ ಕತೆ ಮೊದಲೇ ಗೊತ್ತಿದ್ದರೆ ಓದೋದಕ್ಕೆ ಏನಿರುತ್ತದೆ? (ಹೊಸದುರ್ಗ)

ಅಥೆನ್ಸ್‌ನ ಪ್ರೇಕ್ಷಕರಿಗೂ ಈಡಿಪಸ್‌ನ ಕತೆ ಗೊತ್ತೇ ಇತ್ತು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ನಮ್ಮವರು ಬಯಲಾಟಕ್ಕೆ ಬೆಳಗಿನವರೆಗೆ ಕೂರುತ್ತಾರೆ, ಅಲ್ವಾ? ನಿಮ್ಮ ತಾಲ್ಲೂಕಿನಲ್ಲೇ ಸಾಣೇಹಳ್ಳಿ ಇದೆ. ಅಲ್ಲಿನ ಬಯಲು ರಂಗಮಂದಿರದಲ್ಲಿ ಕೂತು ಯಾವುದಾದರೂ ನಾಟಕ ನೋಡಿ ಬನ್ನಿ. ಆಮೇಲೆ ಲಂಕೇಶರು ಕನ್ನಡಕ್ಕೆ ತಂದ ‘ದೊರೆ ಈಡಿಪಸ್’ ತೆಗೆಯಿರಿ. ಅವನು ಕಣ್ಣು ಇರಿದುಕೊಳ್ಳುವುದು ರಂಗದ ಮೇಲೆ ನಡೆಯುವುದಿಲ್ಲ, ಒಬ್ಬ ಬಂದು ವರದಿ ಹೇಳುತ್ತಾನೆ. ಆ ಮಾತನ್ನು ಸುಮ್ನೆ ಕಣ್ಣಾಡಿಸಬೇಡಿ, ಗಟ್ಟಿಯಾಗಿ ಓದಿ. ನಾಟಕವನ್ನು ಕಾದಂಬರಿಯ ಹಾಗೆ ಓದುವುದರಿಂದಲೇ ಅರ್ಧ ತೊಂದರೆ.

ಒನಕೆ ಓಬವ್ವನ ಬಗ್ಗೆ ಪ್ರಾಜೆಕ್ಟ್. ಸಿನಿಮಾವನ್ನು ಆಧಾರವಾಗಿ ಕೊಡಬಹುದಾ? (ಚಿತ್ರದುರ್ಗ)

ಚರಿತ್ರೆಗೆ ಆಧಾರವಾಗಿ ಕೊಡಬೇಡಿ. ಓಬವ್ವ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು 1972ರ ‘ನಾಗರಹಾವು’ ಚಿತ್ರದ ಜಯಂತಿ. ಕೋಟೆಯ ಕಿಂಡಿಯ ಮುಂದೆ ನಿಂತರೂ ಅದೇ ಮುಖ ನೆನಪಾಗುತ್ತದೆ. ಅದನ್ನೇ ವಿಷಯ ಮಾಡಿಕೊಳ್ಳಿ: ಊರಿನವರ ಬಾಯಿಮಾತಿನ ಓಬವ್ವ, ಪಠ್ಯಪುಸ್ತಕದ ಓಬವ್ವ, ಸಿನಿಮಾ ಹಾಡಿನ ಓಬವ್ವ. ಮೂರೂ ಬೇರೆ ಬೇರೆ ಪ್ರಕಾರ. ಒಂದೊಂದೂ ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟಿದೆ ನೋಡಿ. ಮೊದಲು ಕೋಟೆಯ ಸುತ್ತಲಿನ ಕೇರಿಗಳಿಗೆ ಹೋಗಿ ಹಿರಿಯರಿಂದ ಕತೆ ಹೇಳಿಸಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಿ. ಅವರು ಹೇಳಿದ್ದನ್ನು ತಿದ್ದದೆ ಹಾಗೇ ಬರೆದುಕೊಳ್ಳಿ. ಸಿನಿಮಾ ಅದಾದ ಮೇಲೆ ನೋಡಿ.